ಸುಂಕ ಸೊನ್ನೆಯಾದರೂ ಕೈಯಲ್ಲೇನೂ ಉಳಿಯದು: ಗೋಮಾ ಗಡಿಯ ವ್ಯಾಪಾರಿ ಹೆಂಗಸರು

ಪ್ರಶ್ನೆ: ನನ್ನ ಮಗ ರುವಾಂಡಾದ ಕಿಗಾಲಿಯಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಕಿವು ಸರೋವರ ತೋರಿಸಲು ಗಿಸೆನ್ಯಿಗೆ ಕರೆದುಕೊಂಡು ಹೋಗಿದ್ದ. ಊರಿನ ಒಂದು ತುದಿಯಲ್ಲಿ ಕಾಂಗೊ ದೇಶದ ಗಡಿ. ಬೆಳಗಿನ ಹೊತ್ತು ಸಾವಿರಾರು ಹೆಂಗಸರು ತಲೆಯ ಮೇಲೆ ಟೊಮೆಟೊ, ಈರುಳ್ಳಿ, ಕೋಸು ಹೊತ್ತು ಓಡುನಡಿಗೆಯಲ್ಲಿ ದಾಟುತ್ತಿದ್ದರು. ಕೆಲವರ ಬೆನ್ನಿಗೆ ಮಗು. ಇದೆಲ್ಲ ಕಳ್ಳಸಾಗಣೆಯಂತೆ ಎಂದು ಮಗನ ಸ್ನೇಹಿತರೊಬ್ಬರು ಹೇಳಿದರು. ಹಾಗಿದ್ದರೆ ಇಷ್ಟು ಬಹಿರಂಗವಾಗಿ ಹೇಗೆ ನಡೆಯುತ್ತದೆ? ಸರ್ಕಾರ ಸುಂಕ ತೆಗೆದು, ಇವರಿಗೊಂದು ಲೈಸೆನ್ಸ್ ಕೊಟ್ಟರೆ ಮುಗಿಯಲಿಲ್ಲವೆ? ನಾನು ಹಾಸನ ಜಿಲ್ಲೆಯಲ್ಲಿ ಬಹಳ ವರ್ಷ ಸ್ತ್ರೀಶಕ್ತಿ ಸಂಘಗಳ ಜೊತೆ ಕೆಲಸ ಮಾಡಿದವಳು. ನಮ್ಮ ಸಂಘಗಳ ಮಾದರಿಯ ಸಾಲ ಇವರಿಗೆ ಕೆಲಸಕ್ಕೆ ಬರುತ್ತದೆಯೆ? ಮಗ ಮತ್ತು ಅವನ ಗೆಳೆಯರು ಅಂಥದ್ದೊಂದಕ್ಕೆ ಸ್ವಲ್ಪ ಹಣ ಹಾಕುವ ಯೋಚನೆಯಲ್ಲಿದ್ದಾರೆ.

ಉತ್ತರ: ನೀವು ನೋಡಿದ್ದು ಪೆತಿತ್ ಬಾರ್ಯೇರ್, ಅಂದರೆ ಚಿಕ್ಕ ಗೇಟು. ಲಾರಿ, ಕಾರು, ಪ್ರವಾಸಿಗರಿಗೆ ಸರೋವರದ ದಂಡೆಯಲ್ಲಿ ಬೇರೆ ದೊಡ್ಡ ಗೇಟು ಇದೆ. ಚಿಕ್ಕ ಗೇಟು ಕಾಲ್ನಡಿಗೆಯವರದು. ಶಾಂತಿಯ ದಿನಗಳಲ್ಲಿ ಅಲ್ಲಿ ದಿನಕ್ಕೆ ಹತ್ತಾರು ಸಾವಿರ ಜನ ಆಚೀಚೆ ಹೋಗುತ್ತಾರೆ. ಆಫ್ರಿಕಾದಲ್ಲೇ ಅತಿ ಹೆಚ್ಚು ಜನ ನಡೆದು ದಾಟುವ ಗಡಿಗಳಲ್ಲಿ ಅದೊಂದು. ರುವಾಂಡಾದ ಗಿಸೆನ್ಯಿ ಮತ್ತು ಆಚೆ ಕಾಂಗೊದ ಗೋಮಾ ಎರಡು ದೇಶಗಳಲ್ಲಿರುವ ಒಂದೇ ಊರು ಎನ್ನಬಹುದು. ಗೋಮಾದ ಕೆಳಗಿರುವುದು ಲಾವಾ ಕಲ್ಲು. ನ್ಯಿರಗೊಂಗೊ ಜ್ವಾಲಾಮುಖಿ 2002ರಲ್ಲಿ ಉಕ್ಕಿದಾಗ ನಗರದ ಮಧ್ಯಭಾಗವೇ ಹೂತುಹೋಯಿತು. ಊರಿಗೆ ತರಕಾರಿ ಬರಬೇಕಾದ ಮಸಿಸಿ, ರುತ್ಸುರು ಕಡೆಯ ರಸ್ತೆಗಳು ಮೂವತ್ತು ವರ್ಷಗಳ ಯುದ್ಧದಲ್ಲಿ ತೆರೆದ ದಿನಕ್ಕಿಂತ ಕೆಟ್ಟ ದಿನವೇ ಹೆಚ್ಚು. ಹೀಗಾಗಿ ರುವಾಂಡಾದ ಗುಡ್ಡಗಳಲ್ಲಿ ಬೆಳೆದ ಟೊಮೆಟೊ, ಕ್ಯಾರೆಟ್, ಆಲೂಗಡ್ಡೆ, ಹಾಲು, ಮೊಟ್ಟೆ ಈ ಹೆಂಗಸರ ತಲೆಯ ಮೇಲೆಯೇ ಗೋಮಾದ ಅಡುಗೆಮನೆ ಸೇರಬೇಕು. ಅಧಿಕಾರಿಗಳ ಕಣ್ಣೆದುರೇ ನಡೆಯುವುದು ಏಕೆ ಎಂಬುದಕ್ಕೆ ಮೊದಲ ಕಾರಣ ಇದು. ಒಂದು ವಾರ ನಿಲ್ಲಿಸಿದರೆ ಊರು ಉಪವಾಸ ಬೀಳುತ್ತದೆ, ಅದು ಎಲ್ಲರಿಗೂ ಗೊತ್ತು.

ಕಳ್ಳಸಾಗಣೆ ಎಂಬ ಮಾತಿಗೆ ಬರೋಣ. ನೀವು ಕಂಡ ಟೊಮೆಟೊ ಬುಟ್ಟಿ ಕಳ್ಳಮಾಲಲ್ಲ. ಅವಳ ಬಳಿ ಆ ದಿನ ದಾಟಲು ಬೇಕಾದ ಚೀಟಿ ಇರುತ್ತದೆ, ಗೇಟಿನ ಮೂಲಕವೇ ಹೋಗುತ್ತಾಳೆ, ಕೇಳಿದ ಶುಲ್ಕ ಕೊಡುತ್ತಾಳೆ. ಅವಳ ವ್ಯಾಪಾರ ಯಾವ ಕಂಪನಿಯ ಹೆಸರಲ್ಲೂ ಇಲ್ಲ, ಲೆಕ್ಕಪುಸ್ತಕದಲ್ಲಿಲ್ಲ, ಸುಂಕದ ಅಂಕಿ ಅಂಶಗಳಲ್ಲಿ ಬರುವುದಿಲ್ಲ. ಅದಕ್ಕೇ ಅನೌಪಚಾರಿಕ ಎನ್ನುವುದು. ನಿಜವಾದ ಕಳ್ಳಸಾಗಣೆಯೂ ಅದೇ ಗಡಿಯಲ್ಲಿದೆ, ಆದರೆ ಬಹುಪಾಲು ಎದುರು ದಿಕ್ಕಿನಲ್ಲಿ. ರುವಾಂಡಾ 2008ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. ಗೋಮಾದಲ್ಲಿ ಅದು ಧಾರಾಳ. ಹಾಗಾಗಿ ಸೊಂಟಕ್ಕೆ, ತೋಳಿಗೆ, ಒಳ ಉಡುಪಿನೊಳಗೆ ಕಟ್ಟುಗಟ್ಟಲೆ ಪ್ಲಾಸ್ಟಿಕ್ ಸುತ್ತಿಕೊಂಡು ಮರಳುವ ಹೆಂಗಸರು ಇದ್ದಾರೆ. ಚರ್ಮ ಬೆಳ್ಳಗಾಗಿಸುವ ಕ್ರೀಮೂ ಹಾಗೆಯೇ ಬರುತ್ತದೆ. ಕಿತೆಂಗೆ ಎಂಬ ಬಣ್ಣದ ಅಚ್ಚಿನ ಬಟ್ಟೆಯ ಕತೆ ಇನ್ನೊಂದು. ರುವಾಂಡಾ ಪೂರ್ವ ಆಫ್ರಿಕಾ ಸಮುದಾಯಕ್ಕೆ ಸೇರಿ ಅಲ್ಲಿನ ಏಕರೂಪ ಆಮದು ಸುಂಕ ಒಪ್ಪಿಕೊಂಡ ಮೇಲೆ ಹೊರಗಿನ ಬಟ್ಟೆ ಅಲ್ಲಿ ದುಬಾರಿ. ಗೋಮಾದಲ್ಲಿ ಅಗ್ಗ. ಒಳಗೆ ಎರಡು ಸುತ್ತು ಬಟ್ಟೆ ಉಟ್ಟು ಹೊರಗೆ ದಪ್ಪಗೆ ಕಾಣುವ ಹೆಂಗಸು ಗೇಟಿನ ಕಾವಲುಗಾರರಿಗೆ ಹೊಸಬಳೇನಲ್ಲ.

ಸುಂಕ ತೆಗೆದರೆ ಮುಗಿಯಲಿಲ್ಲವೆ ಎಂಬ ನಿಮ್ಮ ಮಾತಿನ ಮೇಲೆ ಇಲ್ಲೇ ಒಂದು ನೆರಳು ಬೀಳುತ್ತದೆ. ಗಡಿಯ ಎರಡು ಬದಿಯ ಬೆಲೆ ಬೇರೆ ಇರುವುದರಿಂದಲೇ ಈ ವ್ಯಾಪಾರದಲ್ಲಿ ಲಾಭ. ಕೆಲವು ಸರಕಿನಲ್ಲಿ ಆ ವ್ಯತ್ಯಾಸ ಹುಟ್ಟಿಸಿದ್ದೇ ಸುಂಕ. ಎರಡೂ ಕಡೆ ಸುಂಕ ಸಮನಾದ ದಿನ ಬಟ್ಟೆ ಹೊರುವವಳ ಕೆಲಸ ಹೋಗುತ್ತದೆ, ಬಟ್ಟೆ ಲಾರಿಯಲ್ಲಿ ಬರುತ್ತದೆ. ಅದು ಕೆಟ್ಟದ್ದು ಎನ್ನುತ್ತಿಲ್ಲ. ಅವಳ ಹೆಸರಿನಲ್ಲಿ ಸುಧಾರಣೆ ತರುವವರು ಅವಳನ್ನೊಮ್ಮೆ ಕೇಳಿದ್ದರೆ ಚೆನ್ನಾಗಿತ್ತು, ಅಷ್ಟೆ.

ಟೊಮೆಟೊ ಹೊತ್ತವಳ ವಿಷಯ ಬೇರೆ. ಅವಳಿಗೆ ಸುಂಕವನ್ನು ಆಗಲೇ ಕಾಗದದ ಮೇಲೆ ತೆಗೆದಾಗಿದೆ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ ದೇಶಗಳ ಕೊಮೆಸಾ ಒಕ್ಕೂಟ ಸಣ್ಣ ವ್ಯಾಪಾರಿಗಳಿಗೆಂದೇ ಸರಳ ವ್ಯಾಪಾರ ವ್ಯವಸ್ಥೆಯೊಂದನ್ನು ತಂದಿತು. 2010ರ ಹೊತ್ತಿಗೆ ಜಾಂಬಿಯಾ, ಮಲಾವಿ, ಜಿಂಬಾಬ್ವೆ ಗಡಿಗಳಲ್ಲಿ ಶುರುವಾಗಿ ಆಮೇಲೆ ಉಳಿದ ಕಡೆ ಹರಡಿತು. ಎರಡು ದೇಶ ಕೂತು ಒಂದು ಪಟ್ಟಿ ಮಾಡುತ್ತವೆ. ಪಟ್ಟಿಯಲ್ಲಿರುವ, ಅದೇ ಪ್ರದೇಶದಲ್ಲಿ ಬೆಳೆದ ಅಥವಾ ತಯಾರಾದ ಸರಕು ಒಂದು ಮೊತ್ತದ ಒಳಗಿದ್ದರೆ (ಮೊದಲು 500 ಡಾಲರ್, ಆಮೇಲೆ 1,000) ಒಂದೇ ಪುಟದ ಫಾರಂ ತುಂಬಿ ಸುಂಕವಿಲ್ಲದೆ ದಾಟಬಹುದು. ಫಾರಂ ತುಂಬಲು ನೆರವಾಗಲೆಂದು ಕೆಲವು ಗಡಿಗಳಲ್ಲಿ ಮಾಹಿತಿ ಮೇಜೂ ಇಟ್ಟಿದ್ದಾರೆ. ತಲೆಯ ಮೇಲಿನ ಬುಟ್ಟಿ ಆ ಮೊತ್ತದ ಹತ್ತಿರವೂ ಬರುವುದಿಲ್ಲ.

ಆದರೂ ಅವಳು ಹಣ ಕೊಡುತ್ತಾಳೆ. ಯಾರಿಗೆ?

ಕಾಂಗೊದಲ್ಲಿ 2002ರ ಒಂದು ಆದೇಶದ ಪ್ರಕಾರ ಗಡಿಯಲ್ಲಿ ಕೂರುವ ಅಧಿಕಾರ ಇರುವುದು ನಾಲ್ಕೇ ಇಲಾಖೆಗಳಿಗೆ: ಸುಂಕ, ಸರಕಿನ ಗುಣಮಟ್ಟ ನೋಡುವ ಕಚೇರಿ, ವಲಸೆ, ಆರೋಗ್ಯ. ಗೇಟಿನ ಆಚೆ ನಿಂತು ಕೈಚಾಚುವವರ ಸಂಖ್ಯೆ ಅದಕ್ಕಿಂತ ಯಾವಾಗಲೂ ಹೆಚ್ಚು. ಪ್ರಾಂತ್ಯದವರು, ನಗರಸಭೆಯವರು, ಮಾರುಕಟ್ಟೆಯವರು, ಪೊಲೀಸರು, ಗುಪ್ತಚರ ಇಲಾಖೆಯವರು, ಸೈನಿಕರು, ಯಾವ ಇಲಾಖೆ ಎಂದು ಕೇಳಲಾಗದ ಕೆಲವರು. ಇವರಲ್ಲಿ ಎಷ್ಟೋ ಜನರಿಗೆ ಸಂಬಳ ಸರಿಯಾಗಿ ಬರುವುದಿಲ್ಲ, ಬಂದರೂ ಅದರಲ್ಲಿ ಬದುಕು ನಡೆಯುವುದಿಲ್ಲ. ಹೀಗಾಗಿ ಸುಂಕ ಸೊನ್ನೆಯಾದರೂ ಮಾಮೂಲು ಸೊನ್ನೆಯಾಗುವುದಿಲ್ಲ. ಮಾಮೂಲು ಹಣದಲ್ಲೇ ಆಗಬೇಕೆಂದಿಲ್ಲ. ಹಾದುಹೋಗುವ ಬುಟ್ಟಿಯಿಂದ ನಾಲ್ಕು ಟೊಮೆಟೊ ಎತ್ತಿಕೊಂಡರೂ ಆಯಿತು. ಹತ್ತು ಜನ ನಾಲ್ಕು ನಾಲ್ಕು ಎತ್ತಿದರೆ ಬುಟ್ಟಿಯ ಬಾಯಿ ತಗ್ಗುತ್ತದೆ.

2011ರಲ್ಲಿ ವಿಶ್ವ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಗೋಮಾ, ಬುಕಾವು ಮುಂತಾದ ಗಡಿಗಳಲ್ಲಿ ವ್ಯಾಪಾರಿಗಳನ್ನೂ ಅಧಿಕಾರಿಗಳನ್ನೂ ಮಾತಾಡಿಸಿ ವರದಿ ಕೊಟ್ಟರು. ಬಹುಪಾಲು ವ್ಯಾಪಾರಿಗಳು ಲಂಚ ಕೊಟ್ಟೇ ದಾಟುತ್ತೇವೆ ಎಂದರು. ಬೆದರಿಕೆ, ಹೊಡೆತ, ಲೈಂಗಿಕ ಕಿರುಕುಳ ಅಲ್ಲಿ ಆಗೊಮ್ಮೆ ಈಗೊಮ್ಮೆ ನಡೆಯುವ ಸಂಗತಿಯಲ್ಲ, ದಿನದ ವ್ಯಾಪಾರದ ಭಾಗ ಎಂಬುದು ಆ ವರದಿಯಿಂದ ಹೊರಗಿನವರಿಗೂ ತಿಳಿಯಿತು. ಪ್ಲಾಸ್ಟಿಕ್ ಹುಡುಕುವ ನೆಪದಲ್ಲಿ ಮೈ ತಡಕುವುದಕ್ಕೆ ಹೆಣ್ಣು ಸಿಬ್ಬಂದಿ ಇದ್ದಾರೆಯೆ, ಗಂಡಸರೆ? ಮರೆ ಇದೆಯೆ, ಬಯಲಲ್ಲೆ? ವ್ಯಾಪಾರ ನೀತಿಯ ಸಭೆಗಳಲ್ಲಿ ಇದನ್ನು ಸಣ್ಣ ವಿಷಯ ಎಂದು ಬದಿಗಿಡುವುದನ್ನು ನೋಡಿದ್ದೇನೆ. ಹೆಂಗಸು ಯಾವ ಗಡಿಯಲ್ಲಿ ದಾಟಬೇಕು, ಯಾವಾಗ ದಾಟಬೇಕು, ಯಾವ ಸರಕು ಹಿಡಿಯಬೇಕು ಎಂಬ ತೀರ್ಮಾನಗಳಲ್ಲಿ ಇದಕ್ಕಿರುವ ತೂಕ ಸುಂಕದ ದರಕ್ಕಿಲ್ಲ.

ಅವಳ ದಿನವನ್ನು ರೂಪಾಯಿಯಲ್ಲಿ ಬಿಡಿಸಿ ತೋರಿಸುತ್ತೇನೆ. ಅಂಕಿ ನಾನು ಅಂದಾಜಿಗೆ ಹಾಕಿಕೊಂಡದ್ದು, ಸಮೀಕ್ಷೆಯದಲ್ಲ. ಬೆಳಗಿನ ಜಾವ 1,500 ರೂಪಾಯಿಯ ಟೊಮೆಟೊ ಸಗಟು ಹಿಡಿಯುತ್ತಾಳೆ. ದುಡ್ಡು ಕೈಸಾಲ, ಅಥವಾ ಸಗಟು ವ್ಯಾಪಾರಿ ಉದ್ದರಿ ಕೊಟ್ಟದ್ದು. ಸಂಜೆ ತೀರಿಸಬೇಕು. ನಮ್ಮ ಮಾರುಕಟ್ಟೆಗಳಲ್ಲಿ ಬೆಳಿಗ್ಗೆ ಕೊಟ್ಟು ಸಂಜೆ ವಸೂಲು ಮಾಡುವ ಮೀಟರ್ ಬಡ್ಡಿ ನೀವು ಕಂಡದ್ದೇ. ಗೋಮಾದಲ್ಲಿ 1,900ಕ್ಕೆ ಮಾರಿದಳು ಎನ್ನೋಣ. ಮೇಲಿನ 400ರಲ್ಲಿ ಬಡ್ಡಿ 75, ದಾಟುವ ಚೀಟಿ ಮತ್ತು ಮಾರುಕಟ್ಟೆಯಲ್ಲಿ ಕೂರುವ ನೆಲಬಾಡಿಗೆ 50, ಮಾಮೂಲು 80, ಕೊಳೆತದ್ದು, ಎತ್ತಿಕೊಂಡದ್ದು 60. ಉಳಿದದ್ದು 135. ಈಗ ಗೇಟಿನಲ್ಲಿ ಯಾರೋ ಒಬ್ಬ ‘ಪಕ್ಕಕ್ಕೆ ನಿಲ್ಲು’ ಎಂದು ಎರಡು ಗಂಟೆ ನಿಲ್ಲಿಸಿದ ಎಂದುಕೊಳ್ಳಿ. ಅಷ್ಟರಲ್ಲಿ ನೂರಾರು ಬುಟ್ಟಿ ಗೋಮಾ ಸೇರಿ ಬೆಲೆ ಇಳಿದಿರುತ್ತದೆ, ಬಿಸಿಲಿಗೆ ಹಣ್ಣು ಮೆತ್ತಗಾಗಿರುತ್ತದೆ. 1,900ರ ಮಾಲು 1,600ಕ್ಕೆ ಹೋದರೆ ಆ ದಿನ 165 ಕೈಯಿಂದ ಹೋಯಿತು. ಎರಡು ದಿನ ಹೀಗಾದರೆ 330 ರೂಪಾಯಿ ಸಾಲ ತಲೆಯ ಮೇಲೆ.

ಇದು ಗೇಟಿನಲ್ಲಿ ನಿಂತವನಿಗೂ ಗೊತ್ತು. ಅವನ ಕೈಯಲ್ಲಿರುವ ಅಧಿಕಾರ ಸುಂಕ ವಿಧಿಸುವುದಲ್ಲ, ನಿಲ್ಲಿಸುವುದು. ನಿಲ್ಲಿಸಲು ಕಾನೂನು ಬೇಕಿಲ್ಲ. ಲಾರಿಯ ಮಾಲೀಕನಿಗೆ ಎರಡು ಗಂಟೆ ತಡವಾದರೆ ಒಂದು ಫೋನ್ ಮಾಡುತ್ತಾನೆ. ಬುಟ್ಟಿಯವಳು 80ರ ಬದಲು 120 ಕೊಟ್ಟು ಓಡುತ್ತಾಳೆ. ನೀವು ಕಂಡ ಓಡುನಡಿಗೆಯ ಹಿಂದಿನ ಲೆಕ್ಕ ಇದು. ಈ ಗಡಿಯಲ್ಲಿ ಸಮಯವೇ ಸುಂಕ, ಅದಕ್ಕೆ ರಸೀದಿ ಇಲ್ಲ. ನಿಮ್ಮ ಮೂರೂ ಪ್ರಶ್ನೆಗಳಿಗೆ ನನ್ನ ಉತ್ತರ ನಿಂತಿರುವುದು ಇದರ ಮೇಲೆಯೇ.

ಲೈಸೆನ್ಸ್ ಕೊಟ್ಟರೆ? ಅವಳಿಗೆ ಅದರಿಂದ ಏನು ಸಿಗುತ್ತದೆ ಎಂದು ಕೇಳಿ ನೋಡಿ. ಲೈಸೆನ್ಸ್ ಇದ್ದವಳನ್ನು ನಿಲ್ಲಿಸುವುದಿಲ್ಲ ಎಂದಾದರೆ ಅವಳೇ ಸಾಲು ನಿಂತು ತೆಗೆದುಕೊಳ್ಳುತ್ತಾಳೆ. ಹಾಗಾಗುವುದಿಲ್ಲ. ಹೆಸರು ದಾಖಲಾದರೆ ತೆರಿಗೆಯವನಿಗೂ ಅವಳ ವಿಳಾಸ ಸಿಗುತ್ತದೆ, ಮಾಮೂಲಿನವನಿಗೆ ಇವಳ ಬಳಿ ದುಡ್ಡಿದೆ ಎಂಬ ಸುಳಿವೂ ಸಿಗುತ್ತದೆ. ಸರಳ ವ್ಯವಸ್ಥೆಯ ಫಾರಂ ಎಷ್ಟೋ ಜನ ಬಳಸದಿರುವುದಕ್ಕೆ ಅನಕ್ಷರತೆ ಕಾರಣ ಎಂದು ವರದಿಗಳಲ್ಲಿ ಬರೆಯುತ್ತಾರೆ. ಅದೂ ಇರಬಹುದು. ಆದರೆ ಆ ಫಾರಂ ಬಿಡಿಸುವುದು ಆಮದು ಸುಂಕದಿಂದ ಮಾತ್ರ. ಸಸ್ಯ ಆರೋಗ್ಯ ಪ್ರಮಾಣಪತ್ರ, ಬೇರೆ ಬೇರೆ ಶುಲ್ಕ, ಮಾರುಕಟ್ಟೆ ತೆರಿಗೆ ಹಾಗೆಯೇ ಉಳಿಯುತ್ತವೆ. ಫಾರಂ ತುಂಬಲು ಇನ್ನೊಂದು ಸಾಲಿನಲ್ಲಿ ನಿಲ್ಲಬೇಕು. ನಿಲ್ಲುವುದೇ ನಷ್ಟ ಎಂದಮೇಲೆ ಯಾರು ನಿಲ್ಲುತ್ತಾರೆ?

ಇನ್ನೊಂದು ಸಂಗತಿ ಹೊರಗಿನಿಂದ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಬುಟ್ಟಿ ಹೊತ್ತವರೆಲ್ಲ ವ್ಯಾಪಾರಿಗಳಲ್ಲ. ದೊಡ್ಡ ಸಗಟು ವ್ಯಾಪಾರಿ ಒಂದು ಲಾರಿ ಮಾಲನ್ನು ಗಿಸೆನ್ಯಿಯಲ್ಲಿ ಇಳಿಸಿ, ಐವತ್ತು ಹೆಂಗಸರ ತಲೆಗೆ ಹಂಚಿ, ಗೇಟಿನಾಚೆ ಮತ್ತೆ ಒಟ್ಟುಮಾಡುತ್ತಾನೆ. ಒಬ್ಬೊಬ್ಬಳ ಹೊರೆ ಮಿತಿಯೊಳಗೆ. ಸುಂಕ ಉಳಿದದ್ದು ಅವನಿಗೆ, ಕೂಲಿ ಅವಳಿಗೆ, ಸಿಕ್ಕಿಬಿದ್ದರೆ ಹೊಡೆತವೂ ಅವಳಿಗೇ. ಅದೇ ಗಡಿಯಲ್ಲಿ ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಗಳನ್ನೂ ನೀವು ನೋಡಿರಬೇಕು. ಅಂಗವಿಕಲರಿಗೆ ಸುಂಕದವರು ತೋರಿಸುವ ರಿಯಾಯಿತಿ ಹಿಡಿದು ಸರಕು ಸಾಗಿಸುವ ವೃತ್ತಿ ಅದು. ಕಿನ್ಶಾಸಾ, ಬ್ರಾಜವಿಲ್ ಎಂಬ ಎರಡು ರಾಜಧಾನಿಗಳು ಎದುರುಬದುರು ಕುಳಿತ ಕಾಂಗೊ ನದಿಯ ದೋಣಿಕಟ್ಟೆಯಲ್ಲೂ ಬಹಳ ಕಾಲದಿಂದ ಹೀಗೆ ನಡೆಯುತ್ತಿತ್ತು. ಸಣ್ಣವರಿಗೆಂದು ಕೊಟ್ಟ ಸವಲತ್ತನ್ನು ದೊಡ್ಡವರು ಸಣ್ಣವರ ಬೆನ್ನ ಮೇಲೆ ಹೊರಿಸಿ ದಾಟಿಸುತ್ತಾರೆ. ನಿಮ್ಮ ಮಗ ಯಾರಿಗಾದರೂ ಹಣ ಕೊಡುವ ಮೊದಲು ಮಾಲು ಯಾರದು ಎಂದು ಕೇಳಲಿ. ಕೂಲಿಗೆ ಹೊರುವವಳಿಗೆ ಬೇಕಾದದ್ದು ಸಾಲವಲ್ಲ.

ಹೆಂಗಸರೇ ಏಕೆ ಎಂದು ನೀವು ಕೇಳಿಲ್ಲ, ಆದರೆ ಸಾಲದ ಮಾತು ಬಂದಾಗ ಅದು ಬೇಕಾಗುತ್ತದೆ. ಕಾಂಗೊದ 1987ರ ಕುಟುಂಬ ಸಂಹಿತೆಯ ಪ್ರಕಾರ ಮದುವೆಯಾದ ಹೆಣ್ಣು ಕಾನೂನಿನ ಕಾಗದಕ್ಕೆ ಸಹಿ ಹಾಕಬೇಕಾದರೆ ಗಂಡನ ಅನುಮತಿ ಬೇಕಿತ್ತು. ಬ್ಯಾಂಕ್ ಸಾಲ, ಅಂಗಡಿಯ ಬಾಡಿಗೆ ಕರಾರು ಎಲ್ಲದಕ್ಕೂ. 2016ರಲ್ಲಿ ತಿದ್ದುಪಡಿಯಾಗಿ ಅದು ಹೋಯಿತು. ಕಾಗದದಿಂದ ಹೋದದ್ದು ಬ್ಯಾಂಕಿನ ಕೌಂಟರಿನಿಂದ ಅದೇ ವೇಗದಲ್ಲಿ ಹೋಗುವುದಿಲ್ಲ. ಜೊತೆಗೆ ಯುದ್ಧ. ಹೊಲ ಬಿಟ್ಟು ಓಡಿಬಂದು ಗೋಮಾದ ಸುತ್ತ ನೆಲೆಸಿದ ಕುಟುಂಬಗಳಲ್ಲಿ ಗಂಡಸಿಗೆ ಕೆಲಸವಿಲ್ಲ, ಹೆಂಗಸಿಗೆ ಬುಟ್ಟಿ ಇದೆ. ಬಂಡವಾಳ ಕಡಿಮೆ ಸಾಕು, ರಾತ್ರಿ ಮನೆ ಸೇರಬಹುದು, ಓದು ಬೇಡ.

ಈ ವ್ಯಾಪಾರ ಬಡವರ ಪಾಲು ಎಂದು ಹಣೆಬರಹವೇನೂ ಇಲ್ಲ. ಟೋಗೊ ದೇಶದ ಲೋಮೆಯ ನಾನಾ ಬೆಂಜ್‌ಗಳ ಹೆಸರು ಕೇಳಿದ್ದೀರಾ? ಹಾಲೆಂಡಿನಲ್ಲಿ ಮೇಣ ಬಳಸಿ ಅಚ್ಚು ಹಾಕಿದ ಬಣ್ಣದ ಬಟ್ಟೆಯ ಸಗಟು ವ್ಯಾಪಾರ 1960ರಿಂದ 80ರ ದಶಕದವರೆಗೆ ಈ ಹೆಂಗಸರ ಕೈಯಲ್ಲಿತ್ತು. ಲೋಮೆಯಲ್ಲಿ ಸುಂಕ ಕಡಿಮೆ, ನೆರೆಯ ದೇಶಗಳಲ್ಲಿ ಜಾಸ್ತಿ. ಘಾನಾ, ನೈಜೀರಿಯಾ, ಬುರ್ಕಿನಾ ಕಡೆಯ ವ್ಯಾಪಾರಿಗಳು ಇವರ ಬಾಗಿಲಿಗೇ ಬರುತ್ತಿದ್ದರು. ಯಾವ ನಮೂನೆಯ ಬಟ್ಟೆ ಯಾರ ಕೈಯಿಂದ ಮಾತ್ರ ಮಾರಾಟವಾಗಬೇಕು ಎಂಬ ಏಕಸ್ವಾಮ್ಯ ಅವರಿಗಿತ್ತು, ನಮೂನೆಗಳಿಗೆ ಹೆಸರಿಡುವವರೂ ಅವರೇ. ಅವರ ಮರ್ಸಿಡಿಸ್ ಬೆಂಜ್ ಕಾರುಗಳಿಂದ ಆ ಅಡ್ಡಹೆಸರು. ಅತಿಥಿಗಳು ಬಂದಾಗ ಸರ್ಕಾರವೇ ಅವರಿಂದ ಕಾರು ಎರವಲು ತರುತ್ತಿತ್ತು. 1994ರ ಜನವರಿಯಲ್ಲಿ ಅಲ್ಲಿನ ಫ್ರಾಂಕ್ ನಾಣ್ಯದ ಬೆಲೆಯನ್ನು ಒಂದೇ ದಿನ ಅರ್ಧಕ್ಕಿಳಿಸಿದಾಗ ಹಾಲೆಂಡಿನ ಬಟ್ಟೆ ಎರಡು ಪಟ್ಟು ದುಬಾರಿಯಾಯಿತು. ಆಮೇಲೆ ಚೀನಾದ ನಕಲು ಬಂತು. ಅಲ್ಲಿಗೆ ಆ ವೈಭವ ಮುಗಿಯಿತು. ಇರುವಷ್ಟು ದಿನ ಗಡಿಯಿಂದಲೇ ಅವರು ಶ್ರೀಮಂತರಾದರು. ಗೋಮಾದವಳಿಗಿಲ್ಲದ ಎರಡು ವಸ್ತು ಅವರಿಗಿದ್ದವು: ಮಾಲು ಇಟ್ಟುಕೊಂಡು ಕಾಯಲು ಗೋದಾಮು, ಮತ್ತು ನಾಳೆಯೂ ಇದೇ ನಿಯಮ ಇರುತ್ತದೆ ಎಂಬ ಭರವಸೆ.

ಗೋಮಾದಲ್ಲಿ ನಾಳೆ ಏನು ಎಂಬುದೇ ಗೊತ್ತಾಗುವುದಿಲ್ಲ. 2019ರ ಆಗಸ್ಟ್ 1ರಂದು ಎಬೋಲಾ ಹೆದರಿಕೆಯಲ್ಲಿ ರುವಾಂಡಾ ಗೇಟು ಮುಚ್ಚಿ ಕೆಲವೇ ಗಂಟೆಗಳಲ್ಲಿ ತೆರೆಯಿತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂದಾಗ ಮುಚ್ಚಿದ್ದು ತಿಂಗಳುಗಟ್ಟಲೆ. ನಮ್ಮಲ್ಲೂ ಆಗ ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದು, ಮಂಗಳೂರಿನ ಆಸ್ಪತ್ರೆಗೆ ಬರುವ ರೋಗಿಗಳು ತಲಪಾಡಿಯಲ್ಲಿ ಸಿಕ್ಕಿಹಾಕಿಕೊಂಡದ್ದು ನಿಮಗೆ ನೆನಪಿರಬಹುದು. ಒಂದೇ ದೇಶದೊಳಗಿನ ಗಡಿ ಅದು. ಗಿಸೆನ್ಯಿಯಲ್ಲಿ ಲಾರಿಗಳಿಗೆ ಬಿಟ್ಟರು, ನಡೆಯುವವರಿಗೆ ಬಿಡಲಿಲ್ಲ. ಹೆಂಗಸರು ಗುಂಪು ಕಟ್ಟಿ ಮಾಲನ್ನು ಒಂದೇ ಲಾರಿಗೆ ತುಂಬಿ, ಒಬ್ಬಿಬ್ಬರನ್ನು ಜೊತೆ ಕಳುಹಿಸುವ ಪದ್ಧತಿ ಆಗ ಬಂತು. ಅಧಿಕಾರಿಗಳು ಅದನ್ನು ದೊಡ್ಡ ಸುಧಾರಣೆ ಎಂದು ಹೊಗಳಿದರು. ಸಾಗಣೆ ಖರ್ಚು ತಗ್ಗಿದ್ದು ಹೌದು, ಮಾಮೂಲೂ ಕಡಿಮೆಯಾಯಿತು. ಆದರೆ ಗೋಮಾದಲ್ಲಿ ತನ್ನ ಗಿರಾಕಿಯ ಮುಖ ನೋಡಿ ಉದ್ದರಿ ಕೊಟ್ಟು ವಸೂಲು ಮಾಡುತ್ತಿದ್ದವಳಿಗೆ ಗಿರಾಕಿಯೇ ಕೈತಪ್ಪಿದ. ತೀರಾ ಸಣ್ಣವರು ಗುಂಪಿನ ಹೊರಗೇ ಉಳಿದರು.

2022ರ ಜೂನ್‌ನಲ್ಲಿ ಆ ಚಿಕ್ಕ ಗೇಟಿನಲ್ಲೇ ಕಾಂಗೊ ಸೈನಿಕನೊಬ್ಬ ಗುಂಡು ಹಾರಿಸುತ್ತಾ ರುವಾಂಡಾ ಬದಿಗೆ ಬಂದು ಹತನಾದ. ಆಮೇಲೆ ಕಾಂಗೊ ಮಧ್ಯಾಹ್ನ 3 ಗಂಟೆಗೇ ಗೇಟು ಹಾಕತೊಡಗಿತು. ಸಂಜೆ ಮನೆಗೆ ಹೋಗುವ ಗಿರಾಕಿಗೆ ಮಾರುತ್ತಿದ್ದವರ ಅರ್ಧ ದಿನ ಹೋಯಿತು. 2025ರ ಜನವರಿ ಕೊನೆಯಲ್ಲಿ ಗೋಮಾ ಎಂ-23 ಬಂಡುಕೋರರ ವಶವಾಯಿತು. ಬ್ಯಾಂಕುಗಳು ಮುಚ್ಚಿದವು, ಊರಲ್ಲಿ ನಗದಿಗೆ ಬರ ಬಂತು. ಅಲ್ಲಿ ಡಾಲರ್ ಚಲಾವಣೆ ಇದೆ, ಆದರೆ ಅಂಚಿನಲ್ಲಿ ಒಂದು ಸಣ್ಣ ಹರುಕು ಕಂಡರೂ ನೋಟು ಯಾರೂ ಮುಟ್ಟುವುದಿಲ್ಲ. ಹೊಸ ನೋಟು ಬಾರದ ಊರಿನಲ್ಲಿ ಆ ಗೀಳು ಎಷ್ಟು ದುಬಾರಿಯಾದೀತು ಯೋಚಿಸಿ. ಗೇಟಿನಲ್ಲಿ ತೆರಿಗೆ ಎತ್ತುವ ಕೈ ಬದಲಾಯಿತು, ತೆರಿಗೆ ಎತ್ತುವುದು ನಿಲ್ಲಲಿಲ್ಲ.

ಹಾಗಾದರೆ ಯಾವುದೂ ಕೆಲಸ ಮಾಡುವುದಿಲ್ಲವೆ? ಸ್ವಲ್ಪ ಮಾಡುತ್ತದೆ, ಆದರೆ ಅಂದುಕೊಂಡ ದಾರಿಯಲ್ಲಲ್ಲ. ಇದೇ ಕಾಂಗೊ-ರುವಾಂಡಾ ಗಡಿಯಲ್ಲಿ ವ್ಯಾಪಾರಿಗಳಿಗೆ ಅವರ ಹಕ್ಕು, ಶುಲ್ಕ, ಕಾಗದಪತ್ರಗಳ ತರಬೇತಿ ಕೊಟ್ಟು, ತರಬೇತಿ ಪಡೆಯದವರ ಜೊತೆ ಹೋಲಿಸಿ ನೋಡಿದ ಅಧ್ಯಯನವೊಂದನ್ನು ವಿಶ್ವ ಬ್ಯಾಂಕ್ 2020ರಲ್ಲಿ ಪ್ರಕಟಿಸಿತು. ತರಬೇತಿ ಪಡೆದವರು ಕೊಡುವ ಲಂಚ ಕಡಿಮೆಯಾಗಿತ್ತು, ಕಿರುಕುಳವೂ ತಗ್ಗಿತ್ತು. ಅಧಿಕಾರಿಯ ಎದುರು ನಿಂತು ನಿಯಮ ಹೇಳಿದ್ದರಿಂದ ಹೀಗಾಯಿತೆ ಎಂದು ನೋಡಿದರೆ, ಅವರು ಅಧಿಕಾರಿಗಳು ಬರುವ ಮೊದಲೇ, ಇನ್ನೂ ಬೇಗ ಎದ್ದು ದಾಟತೊಡಗಿದ್ದರು. ಹಕ್ಕುಗಳ ಪಾಠ ಕೇಳಿ ಅವರು ಕಲಿತದ್ದು ತಪ್ಪಿಸಿಕೊಳ್ಳುವುದನ್ನು. ಇದರಲ್ಲಿ ಅವರ ಜಾಣತನವೂ ಇದೆ, ಪಾಠ ಹೇಳಿದವರಿಗೆ ಮುಜುಗರವೂ ಇದೆ. ಬೆಲೆ, ನಾಣ್ಯದ ದರ, ಗಡಿಯ ನಿಯಮಗಳನ್ನು ಸಾಧಾರಣ ಫೋನಿಗೇ ಸಂದೇಶದ ಮೂಲಕ ಕಳುಹಿಸುವ ‘ಸೌತಿ’ ಎಂಬ ಸೇವೆ ಕೀನ್ಯಾ, ಉಗಾಂಡಾ ಗಡಿಗಳಲ್ಲಿ ಬಳಕೆಯಲ್ಲಿದೆ. ಗೇಟಿನಾಚೆಯ ಬೆಲೆ ಮೊದಲೇ ಗೊತ್ತಾದರೆ ಹೋಗುವುದೋ ಬೇಡವೋ ಎಂದು ಮನೆಯಲ್ಲೇ ತೀರ್ಮಾನಿಸಬಹುದು. ನನಗೆ ಇಂಥವು ಕಾನೂನಿನ ಸುಧಾರಣೆಗಿಂತ ಹೆಚ್ಚು ಹಿಡಿಸುತ್ತವೆ.

ನಮ್ಮ ದೇಶದಲ್ಲಿ ನಡೆದ ಪ್ರಯೋಗವೂ ಒಂದು ಪಾಠ. ಮೇಘಾಲಯದ ಕಲಾಯ್‌ಚಾರ್‌ನಲ್ಲಿ 2011ರಲ್ಲಿ ಬಾಂಗ್ಲಾದೇಶದ ಜೊತೆ ಗಡಿ ಸಂತೆ ಶುರುವಾಯಿತು. ಗಡಿಯ ಗೆರೆಯ ಮೇಲೆ 75 ಮೀಟರ್ ಉದ್ದಗಲದ ಬೇಲಿ, 5 ಕಿಲೋಮೀಟರ್ ಒಳಗಿನವರಿಗೆ ಗುರುತಿನ ಚೀಟಿ, ವಾರಕ್ಕೊಮ್ಮೆ ವ್ಯಾಪಾರ, ಸುಂಕವಿಲ್ಲ. ಕಾಗದಪತ್ರ ಅಚ್ಚುಕಟ್ಟು. ಆದರೆ ಮಳಿಗೆ ಹಂಚಿಕೆಯಲ್ಲಿ ಹೆಂಗಸರ ಪಾಲು ತೀರಾ ಕಡಿಮೆ. ಎಲ್ಲ ಸರಿಯಾಗಿ ದಾಖಲಾದ ಕಡೆ ಹೆಂಗಸು ಕಾಣಿಸುವುದಿಲ್ಲ, ಯಾವುದೂ ದಾಖಲಾಗದ ಕಡೆ ಅವಳೇ ತುಂಬಿರುತ್ತಾಳೆ.

ಈಗ ನಿಮ್ಮ ಸಂಘದ ಮಾತು. ಕರ್ನಾಟಕದ ಸ್ವಸಹಾಯ ಸಂಘಗಳು 1980ರ ದಶಕದಲ್ಲಿ ಮೈರಾಡದಂಥ ಸಂಸ್ಥೆಗಳ ಕೆಲಸದಿಂದ ಬೆಳೆದವು, ಆಮೇಲೆ ನಬಾರ್ಡ್ ಬ್ಯಾಂಕುಗಳ ಜೊತೆ ಜೋಡಿಸಿತು, ಸ್ತ್ರೀಶಕ್ತಿ ಬಂತು. ಅಲ್ಲಿ ಉಳಿತಾಯ ಗುಂಪು ಹೊಸದಾಗಿ ಕಲಿಸಬೇಕಾದ್ದೇನಲ್ಲ. ರುವಾಂಡಾದಲ್ಲಿ ಇಬಿಮಿನ, ಕಾಂಗೊದಲ್ಲಿ ಲಿಕೆಲೆಂಬ ಎಂದು ನಮ್ಮ ಚೀಟಿಯಂಥ ವ್ಯವಸ್ಥೆ ಮನೆಮಾತು. ಕಷ್ಟವಿರುವುದು ಬೇರೆ ಕಡೆ. ಹಾಸನದ ಸಂಘದಲ್ಲಿ ಒಬ್ಬಳಿಗೆ ಹಸು, ಒಬ್ಬಳಿಗೆ ಆಲೂಗಡ್ಡೆ, ಒಬ್ಬಳಿಗೆ ಹೊಲಿಗೆ ಯಂತ್ರ, ಇನ್ನೊಬ್ಬಳ ಮಗ ಬೆಂಗಳೂರಿನಲ್ಲಿ. ಆಲೂಗಡ್ಡೆಗೆ ರೋಗ ಬಿದ್ದರೆ ಹಸುವಿನವಳು ಆ ವಾರ ಕಂತು ತುಂಬಿಕೊಡುತ್ತಾಳೆ. ಪರಸ್ಪರ ಜಾಮೀನು ನಿಂತಿರುವುದೇ ಇದರ ಮೇಲೆ. ಗಿಸೆನ್ಯಿಯಲ್ಲಿ ಇಪ್ಪತ್ತು ಜನ ಟೊಮೆಟೊ ಹೊರುವವರನ್ನೇ ಸೇರಿಸಿ ಸಂಘ ಮಾಡಿದರೆ ಗೇಟು ಮುಚ್ಚಿದ ದಿನ ಇಪ್ಪತ್ತೂ ಜನ ಒಟ್ಟಿಗೆ ಬೀಳುತ್ತಾರೆ, ಜಾಮೀನು ನಿಲ್ಲುವವರೇ ಇಲ್ಲ. ದಾನಿಗಳಿಗೆ ‘ಮಹಿಳಾ ಗಡಿ ವ್ಯಾಪಾರಿಗಳ ಸಂಘ’ ಎಂಬ ಹೆಸರು ಚೆನ್ನಾಗಿ ಕಾಣುತ್ತದೆ, ಸಾಲದ ದೃಷ್ಟಿಯಿಂದ ಅದು ಅತ್ಯಂತ ಕೆಟ್ಟ ಸಂಘ.

ನಿಮ್ಮ ಮಗನ ಗೆಳೆಯರಿಗೆ ಹೇಳಿ: ದಾಟುವವರು, ಈಚೆಯೇ ಕೂತು ಮಾರುವವರು, ಬೆಳೆಯುವವರು, ಹೊಲಿಯುವವರು ಬೆರೆತ ಗುಂಪು ಹುಡುಕಲಿ. ವಾರದ ಕಂತು ಇವರಿಗೆ ಹೊಂದುವುದಿಲ್ಲ, ಏಕೆಂದರೆ ಇವರ ಬಂಡವಾಳ ಒಂದೇ ದಿನಕ್ಕೆ ಒಂದು ಸುತ್ತು ಹೊಡೆಯುತ್ತದೆ. ಬೆಳಗಿನ ಜಾವ ಸಗಟು ಮಾರುಕಟ್ಟೆಯಲ್ಲಿ ದುಡ್ಡು ಕೈಗೆ ಸಿಗುವಂತಿದ್ದರೆ ಮಾತ್ರ ಅವರು ಮೀಟರ್ ಬಡ್ಡಿಯವನನ್ನು ಬಿಟ್ಟು ಬಂದಾರು. ಮೊಬೈಲ್ ಹಣ ಅಲ್ಲಿ ಚೆನ್ನಾಗಿ ಬಳಕೆಯಲ್ಲಿರುವುದರಿಂದ ಅದು ಆಗದ ಮಾತೇನಲ್ಲ. ಕೈಯಲ್ಲಿ ಸ್ವಲ್ಪ ಹೆಚ್ಚು ಹಣವಿದ್ದರೆ ಸಾಲಕ್ಕಿಂತ ಮೊದಲು ಗೇಟಿನ ಹತ್ತಿರ ಬೀಗ ಹಾಕಬಹುದಾದ, ನೆರಳಿರುವ ಒಂದು ಉಗ್ರಾಣದ ಬಾಡಿಗೆ ಕಟ್ಟಲಿ. ಮಾರದೆ ಉಳಿದ ಮಾಲನ್ನು ಸಂಜೆ ಸಿಕ್ಕ ಬೆಲೆಗೆ ಸುರಿದು ಬರುವುದು ತಪ್ಪಿದರೆ, ಗೇಟಿನಲ್ಲಿ ‘ನಿಲ್ಲು’ ಎಂದವನ ಮಾತಿಗೂ ಅಷ್ಟು ಬೆಲೆ ಉಳಿಯುವುದಿಲ್ಲ. ಸಾಲವನ್ನೇ ಕೊಡುವುದಾದರೆ ಪತ್ರದಲ್ಲಿ ಒಂದು ಷರತ್ತು ಬರೆಸಿಕೊಳ್ಳಲಿ: ಗೇಟು ಮುಚ್ಚಿದ ದಿನಗಳಿಗೆ ಕಂತೂ ಇಲ್ಲ, ಬಡ್ಡಿಯೂ ಇಲ್ಲ. ಅದಕ್ಕೆ ಒಪ್ಪದ ಹಣಕಾಸು ಸಂಸ್ಥೆಯ ಜೊತೆ ಸೇರುವುದು ಬೇಡ.